ಹಿಂದಿನ ಸೀಟಿನ ಪರೀಕ್ಷೆ

ಹಿಂದಿನ ಸೀಟಿನ ಯಜಮಾನಿಗೆ,

ನಮ್ಮ ಹಳೆಯ ಬೈಕು ಕೊನೆಗೂ ಕೈಕೊಟ್ಟಿತು. ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿ, ಬಟ್ಟೆಗೆ ಕೈ ಒರೆಸಿಕೊಂಡು, "ಇದಕ್ಕೆ ಇನ್ನು ಔಷಧ ಇಲ್ಲ ಸಾರ್, ಬಿಟ್ಬಿಡಿ" ಅಂದ. ಇದೇ ಮಾತನ್ನು ನಿನ್ನ ಡಾಕ್ಟರು ಇನ್ನೂ ಮೆತ್ತಗೆ ಹೇಳಿದ್ದರು. ಆಗಲೂ ನನಗೆ ಏನೂ ಅನ್ನಿಸಲಿಲ್ಲ, ಈಗಲೂ ಅನ್ನಿಸಲಿಲ್ಲ. ಹೊಸ ಬೈಕು ಬೇಕು ಎಂದಷ್ಟೇ ತಿಳಿಯಿತು. ನಾನು ಕಟ್ಟಿದ ಹಲ್ಲಿನ ಸೆಟ್ಟುಗಳನ್ನು ಹೆದ್ದಾರಿ ಹಿಡಿದು ಪಕ್ಕದೂರಿನ ದಂತವೈದ್ಯರಿಗೆ ತಲುಪಿಸಬೇಕು, ಉಳಿದ ದಿನ ಪೇಟೆಯ ಸಂದಿಗೊಂದಿ ಸುತ್ತಬೇಕು. ಯಾರು ಸತ್ತರೂ ಜನರ ಹಲ್ಲು ಬೀಳುವುದು ನಿಲ್ಲುವುದಿಲ್ಲ ನೋಡು.

ನಿನ್ನ ಅಕ್ಕ ನನ್ನನ್ನು ಕಲ್ಲು ಅನ್ನುತ್ತಾಳೆ. "ಒಂದ್ ತೊಟ್ಟು ಕಣ್ಣೀರು ಹಾಕ್ಲಿಲ್ವಲ್ಲೇ ನಿಮ್ಮಪ್ಪ" ಅಂತ ಮಗಳ ಎದುರೇ ಹೇಳಿದಳು. ಅದು ಸುಳ್ಳೇನೂ ಅಲ್ಲವಲ್ಲ. ಒಂದೇ ಮಗ್ಗುಲಿಗೆ ಮಲಗಿ ಕೈ ಜೋಮು ಹಿಡಿದರೆ ಅದು ಯಾರದೋ ಕೈ ಅನ್ನಿಸುತ್ತದೆ. ಈಗ ನಾನು ಪೂರ್ತಿ ಹಾಗಿದ್ದೇನೆ. ಉಣ್ಣುತ್ತೇನೆ, ಮೇಣದಲ್ಲಿ ಹಲ್ಲು ಕೂರಿಸುತ್ತೇನೆ, ಮಗಳ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕುತ್ತೇನೆ.

ಮಗಳು ನನಗಿಂತ ಒಂದು ಕೈ ಮೇಲು. ಏನು ಕೇಳಿದರೂ "ಹೂಂ", "ಉಹೂಂ". ನೀನು ಹೋದ ಮೇಲೆ ನನ್ನ ಹಿಂದೆ ಬೈಕು ಹತ್ತಿಲ್ಲ, ಶಾಲೆಗೆ ನಡೆದೇ ಹೋಗುತ್ತಾಳೆ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಇದ್ದೇವೆ. ಹೀಗೇ ಬಿಟ್ಟರೆ ಇವಳೂ ಕೈತಪ್ಪಿ ಹೋಗುತ್ತಾಳೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಎದ್ದು ಏನಾದರೂ ಮಾಡುವಷ್ಟು ಜೀವ ನನ್ನಲ್ಲಿರಲಿಲ್ಲ.

ಭಾನುವಾರ, "ಬೈಕ್ ನೋಡೋಕೆ ಹೋಗ್ತಿದ್ದೀನಿ" ಅಂದೆ. ಅವಳು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿನಲ್ಲಿ ಹೋದೆವು.

ಅದೇ ಷೋರೂಮು, ಅದೇ ಫಳಫಳ ನೆಲ, ಅದೇ ಹೊಸ ಟೈರಿನ ವಾಸನೆ. ನಾವು ಮೂವರೂ ಎಷ್ಟು ಭಾನುವಾರ ಅಲ್ಲಿಗೆ ಹೋಗಿ ಏನೂ ಕೊಳ್ಳದೆ ಬಂದಿಲ್ಲ! "ಗಂಡಸ್ರು ಟ್ಯಾಂಕ್ ಸವರಿ ಬೈಕ್ ತಗೋತಾರೆ, ಕೂರೋ ಕಷ್ಟ ನಮ್ದು" ಎನ್ನುತ್ತಾ ನೀನು ಹಿಂದಿನ ಸೀಟು ಏರುತ್ತಿದ್ದೆ. ನನ್ನನ್ನು ಮುಂದೆ ಕೂರಿಸಿ, ಕಣ್ಣು ಮುಚ್ಚಿ, ಸೇಲ್ಸ್‌ಮನ್ ಮುಖದ ನಗು ಒಣಗುವವರೆಗೂ ಕೂತಿರುತ್ತಿದ್ದೆ. ಆಮೇಲೆ ತೀರ್ಪು. ಒಂದಕ್ಕೆ "ಹಲಗೆ" ಅಂದೆ, ಇನ್ನೊಂದಕ್ಕೆ "ಜಾರುಬಂಡೆ". ಮತ್ತೊಂದಕ್ಕೆ "ಇದ್ರಲ್ಲಿ ಕೂತ್ರೆ ನಾನು ನಿನ್ನ ಹೆಗಲ ಮೇಲಿನ ಗಿಳಿ" ಅಂದೆ. ಇನ್ನೂ ಒಳ್ಳೆಯದು ಬರಲಿ ಎಂದು ನಾವು ಕಾಯುತ್ತಲೇ ಇದ್ದೆವು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾಗುತ್ತೆ ಕಣೇ" ಅಂದರೆ, "ಹಲ್ಲು ಕಟ್ಟೋನು ನೀನಿದ್ದೀಯಲ್ಲ" ಅಂತ ನಗುತ್ತಿದ್ದೆ. ಗಾದೆ ನಿಜವಾಯಿತು. ನನ್ನ ಕಸುಬು ಉಪಯೋಗಕ್ಕೆ ಬರಲಿಲ್ಲ.

ಎರಡು ಬೈಕು ತೋರಿಸಿದರು, ಎರಡೂ ಮಧ್ಯಮ ಗಾತ್ರದವು. ಕೆಂಪಿನದು ಚೂಪು ಮೂತಿಯದು. ಕೂತರೆ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಬೂದು ಬಣ್ಣದ್ದು ತೂಕದ ಆಸಾಮಿ, ಆದರೆ ಹ್ಯಾಂಡಲ್ ಎತ್ತರ, ಎದುರಿಗೆ ಗಾಳಿ ತಡೆಯುವ ಅಗಲ ಗಾಜು, ಪಕ್ಕದಲ್ಲಿ ಪೆಟ್ಟಿಗೆ ಕಟ್ಟಲು ಜಾಗ. "ಹೈವೇಲಿ ಎರಡೂ ಬೆಣ್ಣೆ ಸಾರ್" ಅಂದ ಸೇಲ್ಸ್‌ಮನ್. ಆಮೇಲೆ ಕೇಳಿದ: "ಹಿಂದೆ ಯಾರಾದ್ರೂ ಕೂರ್ತಾರಾ, ಇಲ್ಲಾ ನೀವೊಬ್ರೇನಾ? ಒಬ್ರೇ ಆದ್ರೆ ಕೆಂಪು ತಗೊಳ್ಳಿ, ಹಿಂದಿನ ಸೀಟಿಗೆ ಮುಚ್ಚಳಾನೂ ಬರುತ್ತೆ."

ನಾನು ಮಗಳ ಕಡೆ ತಿರುಗಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ನಿನ್ನ ಕೆಲಸ ಯಾರಾದರೂ ಮಾಡಬೇಕಲ್ಲ ಎಂದು ನಾನೇ ಬೂದು ಬೈಕಿನ ಹಿಂದಿನ ಸೀಟು ಏರಿದೆ. "ಸಾರ್, ನೀವು ಮುಂದೆ..." ಅಂದ ಅವನು. ಕಣ್ಣು ಮುಚ್ಚಿದೆ. ಏನನ್ನು ಪರೀಕ್ಷಿಸಬೇಕೋ ತಿಳಿಯಲಿಲ್ಲ. ಮೆತ್ತೆಯೇನೋ ಮೆತ್ತಗಿತ್ತು. ಅದಕ್ಕೆ ಅಷ್ಟು ಹೊತ್ತು ಯಾಕೆ ಬೇಕಿತ್ತು ನಿನಗೆ?

"ಅಪ್ಪಾ, ಅಮ್ಮ ಹಂಗಲ್ಲ ನೋಡ್ತಿದ್ದಿದ್ದು."

ಕಣ್ಣು ಬಿಟ್ಟೆ. ಮಗಳು ಬೈಕಿನ ಪಕ್ಕಕ್ಕೆ ಬಂದು ನಿಂತಿದ್ದಳು.

"ಮುಂದೆ ನೀನು ಕೂರ್ಬೇಕು. ಬಗ್ಗದೆ, ಮುಂದೆ ಜರುಗದೆ, ಕೈ ಚಾಚಿದ್ರೆ ನಿನ್ನ ಬೆನ್ನು ಸಿಗುತ್ತಾ ಅಂತ ನೋಡ್ತಿದ್ಲು. ಸಿಗ್ಲಿಲ್ಲಾಂದ್ರೆ ಏನಾದ್ರೂ ತಮಾಷೆ ಹೇಳಿ ಬೇಡ ಅಂತಿದ್ಲು. ನಿಂಗೆ ಹೇಳ್ಬೇಡ ಅಂದಿದ್ಲು."

ತಿಂಗಳುಗಟ್ಟಲೆ ಕೂಡಿಟ್ಟ ಮಾತನ್ನು ಅವಳು ಒಂದೇ ಉಸಿರಿಗೆ ಆಡಿ ಮುಗಿಸಿದಳು. ನಾನು ಇಳಿದು ಮುಂದೆ ಕೂತೆ. ಒಂದು ಸುತ್ತು ಓಡಿಸಿ ನೋಡಿ ಎಂದು ಸೇಲ್ಸ್‌ಮನ್ ಕೀ ಕೊಟ್ಟ. ಇಬ್ಬರೂ ಷೋರೂಮಿನವರ ಹೆಲ್ಮೆಟ್ ಹಾಕಿಕೊಂಡೆವು, ಅವಳು ಹಿಂದೆ ಹತ್ತಿದಳು.

ಪೇಟೆಯ ತಿರುವುಗಳಲ್ಲಿ ತೂಕ ಗೊತ್ತಾಯಿತು, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಬಿಸಿ ಮೊಣಕಾಲಿಗೆ ತಾಗಿತು. ಹೆದ್ದಾರಿಗೆ ಬಿದ್ದು ಆರನೇ ಗೇರಿಗೆ ಹಾಕಿದ ಮೇಲೆ ಸದ್ದು ಇಳಿಯಿತು, ಗಾಳಿ ಗಾಜಿನ ಮೇಲಿಂದ ಹಾಯ್ದು ಹೋಯಿತು. ಅಲ್ಲಿಯವರೆಗೂ ನನಗೆ ಎಂದಿನಂತೆ ಏನೂ ಅನ್ನಿಸಿರಲಿಲ್ಲ. ಆಗ ಬೆನ್ನ ನಡುವೆ ಒಂದು ಅಂಗೈ ಬಂದು ಕೂತಿತು. ನಿನ್ನದು ಕೂರುತ್ತಿದ್ದ ಜಾಗದಲ್ಲೇ. ಇಷ್ಟು ವರ್ಷ ಅದು ಅಲ್ಲಿತ್ತು. ಮೈಮೇಲಿನ ಅಂಗಿಯನ್ನು ಮರೆಯುವ ಹಾಗೆ ಮರೆತಿದ್ದೆ.

ಜೋಮು ಹಿಡಿದಾಗ ನೋವಿರುವುದಿಲ್ಲ, ಬಿಡುವಾಗ ಇರುತ್ತದೆ. ರಸ್ತೆ ಮಂಜಾಯಿತು. ಬೈಕನ್ನು ಪಕ್ಕಕ್ಕೆ ನಿಲ್ಲಿಸಿದೆ, ಹೆಲ್ಮೆಟ್ ತೆಗೆಯಲಿಲ್ಲ. ಮಗಳೂ ಇಳಿಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಲಾರಿಗಳು ಹಾಯ್ದು ಹೋಗುತ್ತಿದ್ದವು.

"ಪಾಸಾ?" ಎಂದು ಕೇಳಿದೆ.

"ಹೂಂ" ಅಂದಳು.

ಷೋರೂಮಿಗೆ ವಾಪಸು ಬಂದು, ಸೇಲ್ಸ್‌ಮನ್ ಬಾಯಿ ತೆರೆಯುವ ಮೊದಲೇ ಹೇಳಿದೆ: "ಬೂದು ಬಣ್ಣದ್ದು ಕೊಡಿ. ಹಿಂದೆ ಕೂರೋರಿದ್ದಾರೆ."

ನೀನಿರುವ ಕಡೆ ದಾರಿ ನುಣ್ಣಗಿರಲಿ. ಕೈ ಚಾಚಿದಷ್ಟು ದೂರದಲ್ಲೇ ನಿನಗೊಂದು ಬೆನ್ನು ಸಿಗಲಿ.

ನಿನ್ನ,
ಹಲ್ಲು ಕಟ್ಟುವವನು