ಅರಿಶಿನ-ಕುಂಕುಮದ ಶೆಡ್

೯ ಆಗಸ್ಟ್ ೨೦೨೪, ಶುಕ್ರವಾರ. ನಾಗರ ಪಂಚಮಿ

ರಕ್ತಪರೀಕ್ಷೆಯ ಲ್ಯಾಬಿನ ಕೆಲಸಕ್ಕೆ ಅರ್ಧ ದಿನ ರಜೆ. ಬೆಳಿಗ್ಗೆಯೇ ಪಿಂಪ್ರಿ, ಬಾಳಣ್ಣನ ಮನೆ. ಅವ್ವ ಹೋದ ಮೇಲೆ ನನಗೆ ತವರು ಅಂತ ಇರುವುದು ಅಣ್ಣನ ಈ ಮನೆಯೊಂದೇ. ಅಣ್ಣನ ಹೆಂಡತಿ ಇಂದೂ ವೈನಿ ತರತರದ ಉಂಡಿ ಕಟ್ಟಿದ್ದರು. ತಂಬಿಟ್ಟಿನ ಉಂಡಿಗೆ ಅವ್ವನ ಕೈಯದೇ ರುಚಿ... ಎರಡು ತಿಂದೆ, ಒಂದು ಪರ್ಸಿಗೆ ಹಾಕಿಕೊಂಡೆ.

ವೈನಿ ಉಡಿ ತುಂಬುವಾಗ ಅಣ್ಣ ಹೇಳಿದ: "ವರದಾ, ಶಿರೂರಿನ ಜಾಗಾ ನಿನಗ ಅರಿಷಿಣ-ಕುಂಕುಮಕ್ಕಂತ ಕೊಡಾಕತ್ತೀನಿ. ಸೋಮವಾರ ರಜಿಸ್ಟರ್ ಮಾಡೂಣು."

ಶೆಡ್ ಇರುವ ಪ್ಲಾಟು. ನಮ್ಮ ಕಡೆ ಹೆಣ್ಣುಮಕ್ಕಳು ಹೀಗೆ ಕೊಟ್ಟದ್ದನ್ನು ಬೇಡ ಅನ್ನುವುದಿಲ್ಲ, ಯಾಕೆ ಅಂತ ಕೇಳುವುದೂ ಇಲ್ಲ. ಕಣ್ಣು ತುಂಬಿ ಬಂತು. ಆದರೂ — ಇಷ್ಟು ವರ್ಷ ಸೀರೆ ಕೊಡುತ್ತಿದ್ದವನು ಒಮ್ಮೆಲೇ ಜಾಗಕ್ಕೆ ಜಿಗಿದದ್ದು ಹೇಗೆ? ಅವನ ಬಿಡಿಭಾಗದ ಕಾರ್ಖಾನೆ ಅಷ್ಟು ಚೆನ್ನಾಗಿ ನಡೆಯುತ್ತಿದೆಯೇ?

೧೨ ಆಗಸ್ಟ್

ಶಿರೂರು. ರಿಜಿಸ್ಟ್ರಾರ್ ಆಫೀಸು. ಹೆಬ್ಬೆರಳು, ಸಹಿ, ಫೋಟೋ. ಫೋಟೋದಲ್ಲಿ ಥೇಟ್ ಕಳ್ಳಿ. ಶೆಡ್ಡಿನ ಕೀಲಿಕೈ ಅಣ್ಣನೇ ಇಟ್ಟುಕೊಂಡ.

ಮನೆಗೆ ಬಂದರೆ ನಮ್ಮವರ ಮಾತು: "ಚಹಾದ ಬಿಲ್ ಕೊಡೂದಕ್ಕೂ ವಿಚಾರ ಮಾಡೂ ಮನಷ್ಯಾ ನಿಮ್ಮಣ್ಣ!" ನನ್ನ ತವರೆಂದರೆ ಈ ಗಂಡನಿಗೆ ಯಾವಾಗಲೂ ಹೊಟ್ಟೆಯುರಿ.

೧೧ ಅಕ್ಟೋಬರ್, ಖಂಡೇನವಮಿ, ಆಯುಧಪೂಜೆ

ಬೆಳಿಗ್ಗೆ ಅಣ್ಣ ಬಂದು ಕೀಲಿಕೈ ಕೊಟ್ಟ. "ನಾ ಅಲ್ಲಿ ಹೋಗೂದು ಬ್ಯಾಡ. ನೀ ಹೋಗಿ ಪೂಜಿ ಮಾಡಿ ಬಾ. ಖಂಡೇಪೂಜಿ ಇಲ್ಲದ ಮಷೀನ್ ಬಿಡಬಾರದು."

ಯಾವ ಮಷೀನು? ಕೇಳುವಷ್ಟರಲ್ಲಿ ಲಿಫ್ಟ್ ಇಳಿದಿತ್ತು.

ಎಸ್.ಟಿ. ಬಸ್ಸು ಹಿಡಿದು ಶಿರೂರು. ಷಟರ್ ಎತ್ತಿದೆ, ತಾಡಪತ್ರಿ ಸರಿಸಿದೆ. ಬಿಡಿಭಾಗ ಕೊರೆಯುವ ಸಿ.ಎನ್.ಸಿ. ಮಷೀನುಗಳು! ಒಂದೊಂದೂ ನಮ್ಮ ಅಡುಗೆಮನೆಯಷ್ಟು. ಪಿಂಪ್ರಿಯ ಕಾರ್ಖಾನೆಯಲ್ಲಿ ಇವುಗಳಿಗೇ ಅವ್ವ ಆರತಿ ಬೆಳಗಿದ್ದಳು. ಇಲ್ಲಿಗೆ ಯಾವಾಗ ಬಂದವು, ಯಾಕೆ ಬಂದವು? ಲ್ಯಾಬಿನಲ್ಲಿ ಸ್ಲೈಡ್ ನೋಡುವ ಚಟ — ಒಂದೊಂದನ್ನೂ ಬಗ್ಗಿ ನೋಡಿದೆ. ಗಾಜಿನ ಬಾಗಿಲ ಮೇಲೆ ಬ್ಯಾಂಕಿನ ಸ್ಟಿಕರ್ ಕಿತ್ತ ಕಲೆ. ಅಲ್ಲಿಗೇ ಅರಿಶಿನ ಹಚ್ಚಿದೆ. ಚೆಂಡುಹೂ, ಕಾಯಿ, ಕರ್ಪೂರ. ಬಹಳ ಚೆಂದ ಕಂಡಿತು. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ.

ಅದೇ ದಿನ, ಸಂಜೆ

ಅಣ್ಣನ ಫೋನ್. "ಬುದ್ಧಿ ಅದ ಏನ ನಿನಗ? ಮದಲ ಅದನ್ನ ತಗೀ!"

ತೆಗೆದೆ. ಅಷ್ಟರಲ್ಲಿ ಅರ್ಧ ಬಳಗ ನೋಡಿಯಾಗಿತ್ತು. ಅಣ್ಣನ ಫೋರ್‌ಮನ್ ಮಲಕಪ್ಪ ಕೈಮುಗಿದ ಚಿತ್ರ ಕಳಿಸಿದ್ದ. ಪೂಜೆ ಮಾಡು ಅಂದ ಅಣ್ಣನೇ ಅದರ ಫೋಟೋ ಅಳಿಸು ಅನ್ನುತ್ತಾನೆ... ಯಾರಿಂದ ಬಚ್ಚಿಡುತ್ತಿದ್ದಾನೆ?

೨ ಡಿಸೆಂಬರ್

ಗೊತ್ತಾಯಿತು. ಕಾರ್ಖಾನೆ ದಿವಾಳಿ. ಕಂಪನಿ ಈಗ ಟ್ರಿಬ್ಯೂನಲ್ ನೇಮಿಸಿದ ದೀಪಾಲಿ ಮ್ಯಾಡಮ್ ಕೈಯಲ್ಲಿ. ಇದ್ದಬದ್ದದ್ದನ್ನೆಲ್ಲ ಹುಡುಕಿ, ಬ್ಯಾಂಕಿಗೂ ಕೆಲಸಗಾರರಿಗೂ ಸಲ್ಲಬೇಕಾದದ್ದನ್ನು ಸಲ್ಲಿಸುವುದು ಆಕೆಯ ಕೆಲಸ.

ಅಣ್ಣ ಬಂದು ಸೋಫಾದ ತುದಿಯಲ್ಲಿ ಕುಳಿತ. "ಯಾರರ ಕೇಳಿದ್ರ ಶೆಡ್ ಖಾಲಿ ಅದ ಅನ್ನು. ಸ್ವಲ್ಪ ದಿನ ತಡಿ, ಆ ಮಷೀನ್ ಮ್ಯಾಲೇ ಮತ್ತ ಶುರು ಮಾಡ್ತೀನಿ."

"ಮಷೀನ್ ಈಗ ಯಾರವು, ಅಣ್ಣಾ?"

"ನಾ ಬೆವರು ಸುರಿಸಿ ತಂದವು."

ನಾನು ಕೇಳಿದ್ದು ಅದಲ್ಲ. ಅವನಿಗೂ ಗೊತ್ತು.

೯ ಡಿಸೆಂಬರ್

ಲ್ಯಾಬಿನಲ್ಲಿದ್ದಾಗ ದೀಪಾಲಿ ಮ್ಯಾಡಮ್ ಫೋನ್. "ತಾಈ, ಶಿರೂರಚೀ ಜಾಗಾ ತುಮಚೀಚ ನಾ? ಶೆಡ್‌ಮಧ್ಯೇ ಕಾಯ ಆಹೇ?" ಅಕ್ಕಾ, ಶಿರೂರಿನ ಜಾಗ ನಿಮ್ಮದೇ ತಾನೆ, ಶೆಡ್ಡಿನಲ್ಲಿ ಏನಿದೆ ಅಂತ, ಅಲ್ಲಿ ಕೈಯಾರೆ ಕಾಯಿ ಒಡೆದು ಬಂದವಳನ್ನು ಕೇಳುತ್ತಿದ್ದಾರೆ!

"ರಿಕಾಮೀ ಆಹೇ" ಅಂದೆ. ಖಾಲಿ.

ಎಷ್ಟು ಸಲೀಸಾಗಿ ಬಂತು ಬಾಯಿಂದ! ಆಮೇಲೆ ಮಾತ್ರ ಒಂದೇ ಸ್ಲೈಡಿಗೆ ಎರಡು ಸಲ ಬಣ್ಣ ಹಾಕಿದೆ.

೧೪ ಡಿಸೆಂಬರ್

ತಡೆಯಲಾಗಲಿಲ್ಲ. ಮಗಳು ಅನುಜಾ ಖರಾಡಿಯ ಕಂಪನಿಯೊಂದರ ಲೀಗಲ್ ವಿಭಾಗದಲ್ಲಿದ್ದಾಳೆ. ಗೆಳತಿಯೊಬ್ಬಳ ಸಂಗತಿ ಅಂತ ಕೇಳಿದೆ. ದಿವಾಳಿಗೆ ಮುಂಚೆ ಹತ್ತಿರದ ನೆಂಟರಿಗೆ ಬರೆದುಕೊಟ್ಟ ಆಸ್ತಿಯ ಪತ್ರವನ್ನು ಕೋರ್ಟು ರದ್ದು ಮಾಡಬಹುದಂತೆ. ಇರಲಿ, ಹೋಗಲಿ ಜಾಗ. ಆದರೆ ಕಂಪನಿಯ ವಸ್ತುವನ್ನು ಗೊತ್ತಿದ್ದೂ ಬಚ್ಚಿಟ್ಟರೆ, ಕೇಳಿದಾಗ ಸುಳ್ಳು ಹೇಳಿದರೆ — ಬಚ್ಚಿಡಿಸಿದವನ ಜೊತೆ ಅವಳೂ ಆರೋಪಿ. ಜೈಲೂ ಆಗಬಹುದು.

"'ಅಣ್ಣ ಹೇಳಿದ್ದ' ಅಂದ್ರ ನಡೀತದೇನು?"

"ಆಯೀ, ನಿನ್ನ ಫ್ರೆಂಡ್ ಸಣ್ಣ ಹುಡುಗಿ ಏನ?" ಆಮೇಲೆ ದನಿ ತಗ್ಗಿಸಿದಳು. "ಆಯೀ... ಫ್ರೆಂಡ್ ನೀನೇ ಅಲ್ಲಾ?"

ಹೆದರಿಕೆ ಆಗಿದೆ, ನಿಜ. ಅದಕ್ಕಿಂತ ಹೆಚ್ಚು ಕೊರೆಯುವುದು ಇನ್ನೊಂದು. ಪಂಚಮಿಯ ದಿನವೇ ಅಣ್ಣನಿಗೆ ಇದೆಲ್ಲ ಗೊತ್ತಿತ್ತೇ? ಉಡಿ ತುಂಬಿದ ವೈನಿಗೆ?

೬ ಜನವರಿ ೨೦೨೫

ನೋಟಿಸು ಬಂತು. ಟ್ರಿಬ್ಯೂನಲ್ ಅರ್ಜಿಯಲ್ಲಿ ಅಣ್ಣನ ಹೆಸರಿನ ಕೆಳಗೇ ನನ್ನದು. ಜೊತೆಗೆ ನನ್ನ ಸ್ಟೇಟಸ್ ಫೋಟೋ! ಮಲಕಪ್ಪ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದ. ಅವನಂಥವರ ಗ್ರಾಚ್ಯುಟಿ ಬರಬೇಕಾದ್ದು ಆ ಮಷೀನುಗಳಿಂದಲೇ. ಸಿಟ್ಟು ಬರಲಿಲ್ಲ. ಫೋಟೋದ ಗಾಜಿನಲ್ಲಿ ನನ್ನ ಪ್ರತಿಬಿಂಬ ಸ್ಪಷ್ಟವಾಗಿದೆ, ಕೈಯಲ್ಲಿ ಮೊಬೈಲು.

೧೨ ಜನವರಿ, ಭಾನುವಾರ

ಅಣ್ಣ-ವೈನಿ ಬಂದಿದ್ದರು. "ಮಷೀನ್ ನೀನ ಖರೀದಿ ಮಾಡಿದ್ದು ಅಂತ ಅಫಿಡವಿಟ್ ಕೊಡು. ಹೆಣ್ಣಮಗಳಿಗೆ ಯಾರೂ ಏನೂ ಮಾಡೂದಿಲ್ಲ" ಅಂದ ಅಣ್ಣ.

"ಪಂಚಮಿ ದಿನಾ ನಿನಗ ಇದು ಗೊತ್ತಿತ್ತೇನು?"

ಅವನು ಕಿಟಕಿಯ ಕಡೆ ನೋಡಿದ. ಹೇಳಿದ್ದು ವೈನಿ. "ಗೊತ್ತಿತ್ತು, ವರದಾ. ನನಗೂ ಗೊತ್ತಿತ್ತು. ಉಡ್ಯಾಗ ಹಾಕಿದ್ದನ್ನ ನೀ ಹೊಳ್ಳಿ ನೋಡಾಂಗಿಲ್ಲ ಅಂತನ..."

ಅವರೆದುರಿಗೇ ಅತ್ತುಬಿಟ್ಟೆ. ಅಣ್ಣ ಎದ್ದ. "ಬ್ಯಾರೆ ಏನರ ಹೇಳಿದಿ ಅಂದ್ರ ನಿನಗ ತವರಿಲ್ಲ, ತಿಳ್ಕೋ."

೨೦ ಜನವರಿ

ದೀಪಾಲಿ ಮ್ಯಾಡಮ್ ಆಫೀಸು. ಎಲ್ಲ ಹೇಳಿದೆ, ಖಾಲಿ ಅಂದ ಸುಳ್ಳನ್ನೂ. ಈಗ ಹೇಳಿದ್ದರಿಂದ ಕೇಸು ಹೋಗುವುದಿಲ್ಲ ತಾಈ, ಒಳ್ಳೆಯದಾಗಬಹುದು ಅಷ್ಟೇ ಅಂದರು. ಕೀಲಿಕೈ ಮೇಜಿನ ಮೇಲಿಟ್ಟೆ.

ಹೊರಗೆ ನಮ್ಮವರು ಸ್ಕೂಟರ್ ಹಿಡಿದು ನಿಂತಿದ್ದರು. ವಡಾಪಾವ್ ಕೊಡಿಸಿದರು.

೨೪ ಏಪ್ರಿಲ್

ದಾನಪತ್ರ ರದ್ದು ಮಾಡಲು ಒಪ್ಪಿ ಸಹಿ ಹಾಕಿದೆ. ಅರಿಶಿನ-ಕುಂಕುಮಕ್ಕೆ ಕೊಟ್ಟದ್ದನ್ನು ಹಿಂದಿರುಗಿಸಿದ ಹೆಣ್ಣು ನಮ್ಮ ಬಳಗದಲ್ಲಿ ನಾನೊಬ್ಬಳೇ ಇರಬೇಕು. ಮಷೀನುಗಳು ಪಿಂಪ್ರಿಯ ಕಾರ್ಖಾನೆಗೆ ಹೋದವು. ಪೊಲೀಸ್ ಕೇಸೂ ಆಗಿ, ಅಣ್ಣ ಜಾಮೀನಿನ ಮೇಲಿದ್ದಾನೆ. ನನ್ನನ್ನೂ ಠಾಣೆಗೆ ಕರೆಯುತ್ತಾರೆ, ಬೆಂಚಿನ ಮೇಲೆ ಕಾಯಿಸುತ್ತಾರೆ. ಚಾರ್ಜ್‌ಶೀಟಿನಲ್ಲಿ ನನ್ನ ಹೆಸರು ಇರುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಅಣ್ಣ ಹೇಗಿದ್ದಾನೆ ಅಂತಲೂ ಯಾರೂ ಹೇಳುತ್ತಿಲ್ಲ.

೨೯ ಜುಲೈ, ಮಂಗಳವಾರ. ಪಂಚಮಿ

ರಜೆ ಹಾಕಿರಲಿಲ್ಲ. ಹಾಕಿ ಹೋಗುವುದಾದರೂ ಎಲ್ಲಿಗೆ? ಚಪ್ಪಲಿ ಮೆಟ್ಟುತ್ತಿದ್ದಾಗ ಬೆಲ್ ಆಯಿತು.

ವೈನಿ. ಒಬ್ಬರೇ. ಕೈಯಲ್ಲಿ ಸ್ಟೀಲ್ ಡಬ್ಬಿ. ಸೊರಗಿ ಹೋಗಿದ್ದಾರೆ. ಮಾತಿಲ್ಲದೆ ಕುಂಕುಮ ಹಚ್ಚಿದರು. ಸೆರಗೊಡ್ಡಿದೆ. ಅಕ್ಕಿ, ಕೊಬ್ಬರಿ, ಖಣ. ಆಮೇಲೆ ಡಬ್ಬಿ ಕೊಟ್ಟರು. ಭಾರವಾಗಿತ್ತು. ಬಾಯಿಂದ ಬಂದೇ ಬಿಟ್ಟಿತು:

"ವೈನಿ, ಇದರಾಗ ಏನದರೀ?"

ವೈನಿಯ ಮುಖ ಕಪ್ಪಿಟ್ಟಿತು. ಮುಚ್ಚಳ ತೆಗೆದರು. ಒಂದೊಂದೇ ಉಂಡಿ ತೆಗೆದು ತಟ್ಟೆಗಿಟ್ಟರು. ಎಳ್ಳು, ಶೇಂಗಾ, ತಂಬಿಟ್ಟು. ಸಾಕ್ರೀ ಅನ್ನಬೇಕಿತ್ತು. ಅನ್ನಲಿಲ್ಲ. ತಳ ಕಾಣುವ ತನಕ ನೋಡಿದೆ. ಬರೀ ಉಂಡಿ. ನಾಚಿಕೆಯಾಯಿತು, ಸಮಾಧಾನವೂ ಆಯಿತು.

"ಅವರು ಕೆಳಗ ರಿಕ್ಷಾದಾಗ ಕೂತಾರ" ಅಂದರು ವೈನಿ. "ಮ್ಯಾಲ ಬರಾಂಗಿಲ್ಲಂತ."

ಈಗ ವೈನಿ ಒಳಗೆ ಚಹಾಕ್ಕೆ ಇಟ್ಟಿದ್ದಾರೆ. ನಾನು ಬಾಲ್ಕನಿಯಲ್ಲಿ, ಇದನ್ನು ಗೀಚುತ್ತ. ರಿಕ್ಷಾದ ಹೊರಗೆ ಅಣ್ಣನ ಒಂದು ಕಾಲು ಮಾತ್ರ ಕಾಣುತ್ತಿದೆ. ಹಳೆಯ ಕೊಲ್ಹಾಪುರಿ ಚಪ್ಪಲಿ. ಬರಲೋ ಬೇಡವೋ ಅನ್ನುವ ಹಾಗೆ ನೆಲಕ್ಕೆ ಇಡುತ್ತಾನೆ, ಎತ್ತುತ್ತಾನೆ. ವೈನಿ ಕೇಳುತ್ತಿದ್ದಾರೆ, ಎಷ್ಟು ಕಪ್ ಹಾಕಲಿ ಅಂತ. ತಡೀರಿ ವೈನಿ, ಕೆಳಗಿಳಿದು ಕೇಳಿಯೇ ಬರುತ್ತೇನೆ: "ಅಣ್ಣಾ, ನಿನಗ ಚಹಾ ಬೇಕೇನು?"