ಅವತ್ತು ಕಾಶೀಬಾಯಿ ಉಂಡ ಮನೆ

ಶಹಾಬಾದ್, ಸೆಪ್ಟೆಂಬರ್ ಹದಿನಾರು, ಎರಡು ಸಾವಿರದ ನೂರ ತೊಂಬತ್ತೆಂಟು

ಪ್ರಮೀಳಾ ಆಯಿಗೆ, ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ಒಬ್ಬಳಾದ ಮಹಾನಂದಾಳ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನನ್ನ ಕನ್ನಡ ನಿನಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊ. ನಿನಗೀಗ ಮೂವತ್ತರ ಆಸುಪಾಸು, ನನಗೆ ಅರವತ್ತು ದಾಟಿದೆ. ಆದರೂ ನಿನ್ನನ್ನು ಆಯಿ ಅನ್ನಬೇಕು, ನಮ್ಮ ಮನೆಯ ರೂಢಿಯಂತೆ ಆಯಿಯನ್ನು ಏಕವಚನದಲ್ಲೇ ಮಾತನಾಡಿಸಬೇಕು. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಂದು ಮನೆಗೆ ಒಂದೇ ಕಾಗದದ ಅವಕಾಶ. ನಮ್ಮ ಮನೆಯವರು ಅದನ್ನು ತಲೆಮಾರುಗಳಿಂದ ಜೋಪಾನವಾಗಿ ಉಳಿಸಿಕೊಂಡು ಬಂದಿದ್ದರು. ನಾನು ಇವತ್ತು ಖರ್ಚು ಮಾಡುತ್ತಿದ್ದೇನೆ.

ನಮ್ಮ ಊರು ಇನ್ನೂ ಇದೆ. ನೀನು ಕಂಡ ಕಲ್ಲಿನ ಗಣಿಗಳೆಲ್ಲ ಈಗ ಕೆರೆಗಳು. ನದಿಗಳ ವಾಟಣಿಯಾದ ವರ್ಷ, ಅಂದರೆ ದೇಶದ ನೀರನ್ನೆಲ್ಲ ಒಂದೇ ಕಾನೂನಿನಡಿ ಹಂಚಿದ ವರ್ಷ, ಆ ಹಳ್ಳಗಳಿಗೆ ನೀರು ತುಂಬಿಸಿದರು. ಬಿಸಿಲು ನಿನ್ನ ಕಾಲದ್ದಕ್ಕಿಂತ ಕೆಟ್ಟದ್ದು. ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ನೆರಳುಬಟ್ಟೆ ಕಟ್ಟಿರುತ್ತೇವೆ, ಅದರಡಿಯಲ್ಲೇ ಶಾಲೆ, ಸಂತೆ, ಜಗಳ ಎಲ್ಲ. ರೊಟ್ಟಿಯನ್ನು ಯಂತ್ರ ಬಡಿಯುತ್ತದೆ. ಪುಂಡಿಪಲ್ಯ ಮಾಡಲು ಮಾತ್ರ ಅದಕ್ಕೆ ಇನ್ನೂ ಬಂದಿಲ್ಲ, ಹುಳಿಯ ಅಂದಾಜು ತಪ್ಪುತ್ತದೆ. ಅದರ ಮೇಲೆ ನಾನು ರೇಗಾಡುವುದನ್ನು ಕೇಳಿ ಓಣಿಯವರು ನಗುತ್ತಾರೆ.

ನಿನಗೆ ಹೇಳಬೇಕಾದ್ದು ತಿರುಗುಬುತ್ತಿಯ ವಿಷಯ. ನಿಮ್ಮ ನಂತರ ಒಂದು ಬರಿದು ವರ್ಷ ಬಂತು. ದೇಶದ ನೆನಪನ್ನೆಲ್ಲ ಯಂತ್ರಗಳಿಗೆ ಒಪ್ಪಿಸಿ ಕೂತಿದ್ದೆವಲ್ಲ, ಅವು ಒಮ್ಮೆಲೇ ಬರಿದಾದವು. ಭಾಷಣಗಳು, ಮೆರವಣಿಗೆಗಳು, ದೊಡ್ಡವರ ಸಹಿಗಳು ಹೇಗೋ ಮತ್ತೆ ಸಿಕ್ಕವು. ಹೋದದ್ದು ಮನೆಮನೆಯ ಮಾತು. ಆಮೇಲೆ ಜನರೇ ಸೇರಿ ಈ ತಿರುಗುಬುತ್ತಿಯ ಪದ್ಧತಿ ಮಾಡಿಕೊಂಡರು. ದೇಶ ಮಗ್ಗುಲು ಬದಲಿಸಿದ ದಿನಗಳಲ್ಲಿ ಧ್ವಜವೇರಿಸಿದ ಮೇಲೆ ಪ್ರತಿ ಮನೆಯವರು ಬುತ್ತಿ ಕಟ್ಟಿಕೊಂಡು, ಆ ಹಳೆಯ ದಿನದಂದು ತಮ್ಮ ಹಿರಿಯರಿಗೆ ಅನ್ನ ಹಾಕಿದ ಮನೆಗೆ ಒಯ್ಯಬೇಕು. ಆ ಮನೆಯವರು ಬಾಗಿಲು ತೆರೆದು ಕಾಯುತ್ತಾರೆ. ನಿಮ್ಮ ಕಾಲದ ಲಾಕ್‌ಡೌನಿನಲ್ಲಿ ಜನ ಊರು ಸೇರಲು ಹೆದ್ದಾರಿ ಹಿಡಿದು ನಡೆದರಲ್ಲ, ಅದನ್ನು ನೆನೆಯುವ ದಿನ ದಾರಿಯುದ್ದಕ್ಕೂ ಬುತ್ತಿಗಳೇ. ನಮ್ಮ ಮನೆಯಿಂದಲೂ ಒಂದು ಸೊಲ್ಲಾಪುರದ ಹಾದಿಯ ಢಾಬಾದವರಿಗೆ ಹೋಗುತ್ತದೆ.

ಆದರೆ ನಾಳೆಯ ಬುತ್ತಿಗೆ ಮನೆ ಗೊತ್ತಿಲ್ಲ. ನಾಳೆ ಸೆಪ್ಟೆಂಬರ್ ಹದಿನೇಳು. ನಿಜಾಮನ ಆಳ್ವಿಕೆ ಮುಗಿದು ನಮ್ಮ ಸೀಮೆ ಭಾರತಕ್ಕೆ ಸೇರಿದ ದಿನ. ರಜಾಕಾರರ ಭಯ ಒಂದು ಕಡೆ, ಅವರು ಸೋತ ಮೇಲೆ ಎದ್ದ ಸಿಟ್ಟು ಇನ್ನೊಂದು ಕಡೆ. ನಡುವೆ ಸಿಕ್ಕ ಹೆಂಗಸರು ಯಾವ ಬಾಗಿಲು ತೆರೆದಿತ್ತೋ ಅದರೊಳಗೆ ಮಕ್ಕಳನ್ನು ನೂಕಿದರು. ನಿನ್ನ ಅಜ್ಜಿ ಕಾಶೀಬಾಯಿ ಆಗ ಸಣ್ಣ ಹುಡುಗಿ.

ನೀನು ಅವಳನ್ನು ಕೂರಿಸಿ ತೆಗೆದ ವಿಡಿಯೊ ಬರಿದು ವರ್ಷದಲ್ಲೂ ಹೇಗೋ ಬದುಕಿಕೊಂಡಿತು. ಅವಳ ಹಸಿರು ಸೀರೆ, ಹಿಂದೆ ಗೋಡೆಗೆ ಒರಗಿಸಿದ ಸೈಕಲ್ಲು, ಎಲ್ಲ ನನಗೆ ಬಾಯಿಪಾಠ. “ಅವತ್ತ ನಾ ನಮ್ಮನ್ಯಾಗ ಉಂಡಿಲ್ಲವ್ವಾ,” ಅಂತ ಅವಳು ಶುರು ಮಾಡುತ್ತಾಳೆ. “ನಮ್ಮವ್ವ ನನ್ ಕೈ ಹಿಡದು...”

ಅಷ್ಟರಲ್ಲಿ ನಿನ್ನ ದನಿ. “ಅದ್ ಇರ್ಲಿ ಆಯಿ. ಮಿಲ್ಟ್ರಿ ಬಂದಿದ್ದು ಹೇಳು, ಝಂಡಾ ಏರಿಸಿದ್ದು ಹೇಳು.”

“ಝಂಡಾ ನಾ ಎಲ್ಲಿ ನೋಡೀನಿ? ನಾ ಉಣ್ಲಾಕ ಕುಂತಿದ್ದೆ!”

ನೀನು ನಗುತ್ತೀಯ. ಅವಳೂ ನಗುತ್ತಾಳೆ. ಅಲ್ಲಿಗೆ ವಿಡಿಯೊ ಮುಗಿಯಿತು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಿನ್ನ ಮೇಲೆ ಎಷ್ಟು ಸಲ ಹಲ್ಲು ಕಡಿದಿದ್ದೇನೋ, ಆಯಿ. ಧ್ವಜದ ಸುದ್ದಿ ಹೇಳಲು ಊರೆಲ್ಲ ಇತ್ತಲ್ಲ! ನಿನಗೆ ಬೇಕಾದ ಇತಿಹಾಸ ಅವಳ ತಾಟಿನ ಮುಂದೆ ಕೂತಿತ್ತು, ನೀನು ಅದನ್ನು ಬದಿಗೆ ಸರಿಸಿದೆ. ಆದರೂ ಆ ವಿಡಿಯೊ ನೋಡುವಾಗ ಸಿಟ್ಟಿಗಿಂತ ಆಸೆಯೇ ಹೆಚ್ಚು. ಆ ಅಂಗಳಕ್ಕೆ ಹೋಗಿ, ಅವಳ ಕಾಲ ಬಳಿ ಕೂತು, ಆ ಮಾತು ಪೂರ್ತಿ ಮಾಡಿಸಿಕೊಂಡು ಬರಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸಿ ಒಬ್ಬಳೇ ಅತ್ತದ್ದೂ ಇದೆ.

ಈ ಸಲ ಅವಸರಕ್ಕೆ ಕಾರಣ ಜುಲೇಖಾಬಿ. ಗಲ್ಲಿಯ ಕೊನೆಯ ಮನೆಯವರು, ನನಗಿಂತ ತುಂಬ ಹಿರಿಯರು. ‘ಆ ದಿನ ನಮ್ಮಲ್ಲಿ ಯಾರದೋ ಒಂದು ಹೆಣ್ಣುಮಗು ಉಂಡಿತ್ತು, ಹೆಸರು ಮರೆತೆವು’ ಎಂಬ ಮಾತು ಅವರ ಮನೆಯಲ್ಲಿ ಉಳಿದಿದೆ. ಪ್ರತಿ ವರ್ಷ ಬಾಗಿಲು ತೆರೆದು, ಚಾಪೆ ಹಾಸಿ ಕೂರುತ್ತಾರೆ. ಯಾರೂ ಬರುವುದಿಲ್ಲ. “ಬರೋರು ಬರ್ತಾರ, ಇಲ್ಲಾಂದ್ರ ಗಾಳಿ ಆದ್ರೂ ಬರ್ತದ,” ಅನ್ನುತ್ತಾರೆ. ಬುತ್ತಿ ಹಿಡಿದು ಅಲ್ಲಿಗೆ ಓಡಿ ಹೋಗಬೇಕು ಅನ್ನಿಸುತ್ತದೆ. ಆದರೆ ಇದೇ ಮಾತು ಹೇಳುವ ಮನೆಗಳು ಗಲ್ಲಿಯಲ್ಲಿ ಇನ್ನೂ ಇವೆ. ಅವತ್ತು ಎಷ್ಟೋ ಮಕ್ಕಳು ಯಾರಯಾರದೋ ಮನೆಯಲ್ಲಿ ಉಂಡರು. ಊಹೆಯ ಮೇಲೆ ಬುತ್ತಿ ಒಯ್ದರೆ ನಿಜವಾಗಿ ಅನ್ನ ಹಾಕಿದ ಮನೆಗೆ ಅವಮಾನ ಮಾಡಿದ ಹಾಗೆ ಅಂತ ನಮ್ಮ ಓಣಿಯವರ ಕಟ್ಟುನಿಟ್ಟು. ಕೆರೆ ದೊಡ್ಡದು ಮಾಡಲು ಬರುವ ತಿಂಗಳು ಆ ಕೊನೆಯ ಮನೆಗಳನ್ನು ಕೆಡವುತ್ತಾರೆ. ಜುಲೇಖಾಬಿಯನ್ನು ಮೊಮ್ಮಗಳು ಬೀದರಿಗೆ ಕರೆದುಕೊಂಡು ಹೋಗುತ್ತಾಳೆ. ಆ ಬಾಗಿಲು ತೆರೆಯುವುದು ನಾಳೆಯೇ ಕೊನೆ.

ಹಿಂದಂಚೆಯವರು ಹೇಳುವಂತೆ ಈ ಕಾಗದ ವಿಡಿಯೊ ತೆಗೆದ ಮರುವಾರ ನಿನ್ನ ಕೈ ಸೇರುತ್ತದೆ. ಅವಳು ಉಂಡ ಮನೆ ಯಾರದೆಂದು ನೀನು ಕೇಳಿ ತಿಳಿದು ಮಕ್ಕಳಿಗೆ ಹೇಳಿದರೆ, ಬೆಳಗಾಗುವಷ್ಟರಲ್ಲಿ ಆ ಮನೆಯವರ ಹೆಸರು ಹುಟ್ಟಿದಾಗಿನಿಂದ ಗೊತ್ತಿದ್ದಂತೆ ನನ್ನ ಬಾಯಲ್ಲಿರುತ್ತದೆ. ಈ ಕಾಗದ ಬರೆದದ್ದೂ ನನಗೆ ನೆನಪಿರುವುದಿಲ್ಲ. ಇರದಿದ್ದರೂ ಚಿಂತೆಯಿಲ್ಲ.

ಹೆಸರು ಬರದೇ ಹೋದರೆ ಈ ಸಲ ನಾನು ಕೈಕಟ್ಟಿ ಕೂರುವವಳಲ್ಲ. ಓಣಿಯವರು ಏನು ಬೇಕಾದರೂ ಅಂದುಕೊಳ್ಳಲಿ, ಜುಲೇಖಾಬಿಯ ಚಾಪೆಯ ಮೇಲೆ ಹೋಗಿ ಬುತ್ತಿ ಬಿಚ್ಚುತ್ತೇನೆ. ಆದರೆ ಅವರು ತಲೆಯೆತ್ತಿ, ನೀನು ಆ ಮಗುವಿನ ಮನೆಯವಳೇ ಅಂತ ಕೇಳಿದಾಗ ಹೌದು ಅನ್ನಬೇಕೆಂಬ ಆಸೆ ನನಗೆ. ಇರಬಹುದು ಅನ್ನಲು ನಾಲಿಗೆ ಏಳುವುದಿಲ್ಲ.

ಆದ್ದರಿಂದ ಈಗಲೇ ಏಳು. ಫೋನು ಅಲ್ಲೇ ಇಡು. ಕೇಳಿದ ಮೇಲೆ ನಡುವೆ ಬಾಯಿ ಹಾಕಬೇಡ, ಅವಳು ಎಷ್ಟು ಹೊತ್ತು ತೆಗೆದುಕೊಂಡರೂ ಸರಿ. ನನಗೆ ಅವಳ ಅರ್ಧ ಮಾತು ಮಾತ್ರ ಉಳಿದಿದೆ, ಆಯಿ. ನಿನಗೆ ಅವಳೇ ಇದ್ದಾಳೆ, ಪಕ್ಕದ ಕೋಣೆಯಲ್ಲಿ.