ಎರಡು ಸೀಸೆಯ ಮಾತ್ರೆ

ಮೆಲ್ಬರ್ನ್, ಮಂಗಳವಾರ

ಅಮ್ಮಾ,

ಫೋನಿನಲ್ಲಿ ಹೇಳಿದರೆ ನಕ್ಕು ಮಾತು ಹಾರಿಸುತ್ತೀಯ. ಅದಕ್ಕೇ ನಾಳೆ ನಮ್ಮೂರು ಸವುಸವುಗೆ ಹೊರಟಿರುವ ಗೆಳೆಯ ಇಲೈಸಾನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಮನೆಯಲ್ಲೇ ಇದ್ದ ಮಾವನಿಗೆ ಕ್ಷಯ ಬಂದ ಮೇಲೆ ನೀನೂ ಕೆಲೆರಾ ಚಿಕ್ಕಮ್ಮನೂ ಅದು ನಿಮಗೂ ಬರದಂತೆ ತಡೆಯುವ ಹೊಸ ಔಷಧದ ಪ್ರಯೋಗಕ್ಕೆ ಸೇರಿದಿರಿ. ಯಾರ ಸೀಸೆಯಲ್ಲಿ ನಿಜವಾದ ಮಾತ್ರೆ, ಯಾರದರಲ್ಲಿ ಬರೀ ಹಿಟ್ಟು ಎಂಬುದು ನರ್ಸ್ ಉನೈಸಿಗೂ ಗೊತ್ತಿರಬಾರದು. ಇಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕಣಗಳು ಒಡೆಯುವ ಲೆಕ್ಕವನ್ನು ನಾವೂ ಹಾಗೇ ಮಾಡುತ್ತೇವೆ. ಕೆಲಸ ಮುಗಿಯುವ ತನಕ ಉತ್ತರ ಇಣುಕಿ ನೋಡುವಂತಿಲ್ಲ. ನೋಡಿದರೆ ಮನಸ್ಸು ತನಗೆ ಬೇಕಾದ ಕಡೆ ವಾಲುತ್ತದೆ.

ನೀನೋ, "ಒಬ್ಳಿಗೆ ಅಸಲಿ, ಇನ್ನೊಬ್ಳಿಗೆ ಹಿಟ್ಟು ಅಂದ್ರೆ ಅದ್ಯಾವ ನ್ಯಾಯ ಕಣೇ? ಎರಡೂ ಬಾಟ್ಲಿ ಸುರಿದು ಕಲಸಿ ಹಂಚ್ಕೊಂಡ್ವಿ" ಅಂದೆ. ಮೀನಿನ ತಲೆಯನ್ನೂ ಹಂಚಿಕೊಂಡು ತಿಂದ ಅಕ್ಕತಂಗಿಯರು ನೀವು, ಗೊತ್ತು. ಆದರೆ ಅರ್ಧ ಔಷಧ ತಿಂದರೆ ಮೈಯಲ್ಲಿ ಅಡಗಿರಬಹುದಾದ ರೋಗ ಸಾಯುವುದಿಲ್ಲ, ಔಷಧಕ್ಕೇ ಬಗ್ಗದಷ್ಟು ಗಟ್ಟಿಯಾಗುತ್ತದೆ. ದಯವಿಟ್ಟು ನಿಲ್ಲಿಸಿ, ಉನೈಸಿಗೆ ಹೇಳಿಬಿಡು. ಅವಳು ಬೈಯುವುದಿಲ್ಲ.

ಭಾನುವಾರ ಫೋನಿನಲ್ಲಿ ನಿನ್ನ ಮಾತು ನಡುವೆ ನಿಂತು ಕೆಮ್ಮು ಕೇಳಿಸಿತು. "ನಿನ್ ಚಿಕ್ಕಮ್ಮಂದು ಕಣೇ, ತಣ್ಣೀರು ಕುಡಿದಿದಾಳೆ" ಅಂದೆ. ಚಿಕ್ಕಮ್ಮ ಅವತ್ತಿಡೀ ದೂರದ ಲಬಾಸಾ ಪಟ್ಟಣದ ಚರ್ಚಿನಲ್ಲಿ ಹಾಡುತ್ತಿದ್ದಳಂತೆ. ಅವಳೇ ಹೇಳಿದಳು.

ಶುಕ್ರವಾರ ಇಲ್ಲಿ ನಮ್ಮ ಕಣಗಳ ಲೆಕ್ಕದ ಉತ್ತರ ತೆರೆಯುತ್ತಾರೆ. ನಾನಿರುವುದಿಲ್ಲ, ಗುರುವಾರವೇ ಅಲ್ಲಿಗೆ ಹೊರಡುತ್ತೇನೆ. ನಾನು ಬಂದು ತಲುಪುವಷ್ಟರೊಳಗೆ, ಬೆಳಗ್ಗೆ ಎದ್ದ ಕೂಡಲೇ, ಉನೈಸಿ ಕೊಡುವ ಡಬ್ಬಿಯಲ್ಲಿ ಕ್ಷಯದ ಪರೀಕ್ಷೆಗೆ ಕಫ ತೆಗೆದಿಡು. ನಿನ್ನದೇ ಇರಲಿ, ಅಮ್ಮಾ. ಚಿಕ್ಕಮ್ಮನ ಕೈಲಿ ಉಗುಳಿಸಬೇಡ.

ನಿನ್ನ
ಅತೇಚಾ